ಮಸಾಲೆ ಡಬ್ಬಿಯ ಎರಡು ಕಲ್ಲುಹೂಗಳು

ಹೊಸಪೇಟೆಯ ಪೇಟೆಬೀದಿಯಲ್ಲಿ ಮಸಾಲೆ ಸಾಮಾನಿನ ಅಂಗಡಿಯ ಮುಂದೆ ನಿಂತವರಿಗೆ ಚಕ್ಕೆ, ಲವಂಗ, ಮರಾಟಿ ಮೊಗ್ಗುಗಳ ಸಾಲಿನಲ್ಲಿ ವಿಚಿತ್ರವಾದ ಒಂದು ಪದಾರ್ಥ ಕಾಣಸಿಗುತ್ತದೆ. ಅದರ ಮೇಲ್ಮೈ ಬೂದಿಯ ಬಣ್ಣ, ಅಡಿಮೈ ಇದ್ದಿಲಿನ ಕಪ್ಪು. ಹರಿದು ಸುರುಟಿಕೊಂಡ ಹಳೆಯ ಕಾಗದದ ಚೂರುಗಳಂತೆ ಕಾಣುವ ಅದನ್ನು ಎಲೆ ಎನ್ನುವಂತಿಲ್ಲ, ತೊಗಟೆ ಎನ್ನುವಂತಿಲ್ಲ. ಮೂಸಿದರೆ ವಿಶೇಷ ವಾಸನೆಯೂ ಇಲ್ಲ. ಆದರೆ ಕಾದ ಎಣ್ಣೆಗೆ ಬಿದ್ದ ಕ್ಷಣದಲ್ಲೇ ಮೊದಲ ಮಳೆಗೆ ನೆನೆದ ಕಾಡಿನ ನೆಲದಂಥ ಒಂದು ಗಂಭೀರ ಪರಿಮಳ ಅಡಿಗೆಯ ಮನೆಯನ್ನೆಲ್ಲ ತುಂಬುತ್ತದೆ. ಉತ್ತರ ಕರ್ನಾಟಕದ ಮಸಾಲೆ ಖಾರಕ್ಕೂ ಮರಾಠಿಗರ ಗೋಡಾ ಮಸಾಲೆಗೂ ಹೈದರಾಬಾದಿನ ಬಿರಿಯಾನಿಗೂ ಇದು ಬೇಕೇ ಬೇಕು. ಕನ್ನಡದಲ್ಲಿ ಕಲ್ಲುಹೂವು, ಮರಾಠಿಯಲ್ಲಿ ದಗಡಫೂಲ, ತಮಿಳರಿಗೆ ಕಲ್ಪಾಸಿ, ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಶೈಲೇಯ. ಹೆಸರೆಲ್ಲ ಕಲ್ಲಿನದೇ.

ಸೋಜಿಗವೆಂದರೆ, ಅಂಗಡಿಯ ಈ ಕಲ್ಲುಹೂವು ಬಹುಮಟ್ಟಿಗೆ ಕಲ್ಲಿನಿಂದ ಬಂದುದಲ್ಲ. ಮಲೆನಾಡಿನ ಮತ್ತು ಇತರ ತಂಪು ಬೆಟ್ಟಸೀಮೆಗಳ ಮರಗಳ ತೊಗಟೆಯಿಂದ ಕೆತ್ತಿ ತಂದುದೇ ಹೆಚ್ಚು. ಇತ್ತ, ಊರಿನಿಂದ ಹತ್ತೇ ಮೈಲಿಯೊಳಗೆ ಹಂಪಿಯ ಬಂಡೆಗಳಿವೆ. ಅವುಗಳ ಮೇಲೆ ನಿಜವಾದ ಕಲ್ಲಿನ ಹೂಗಳು ಬೂದಿ, ಬಿಳಿ, ಹಳದಿಯ ಚಕ್ಕಳಗಳಾಗಿ ಹರಡಿಕೊಂಡಿವೆ. ಅವನ್ನು ಯಾರೂ ಅಡಿಗೆಗೆ ಹಾಕುವುದಿಲ್ಲ, ಹಾಕಲೂ ಬಾರದು. ಗೃಹಿಣಿಯೊಬ್ಬಳು ಚಾಕು ಹಿಡಿದು ಹಂಪಿಯ ಬಂಡೆಯನ್ನು ಕೆರೆದಳೆಂದು ಇಟ್ಟುಕೊಂಡರೆ, ಅವಳ ಡಬ್ಬಿಗೆ ಬೀಳುವುದು ಬಹುಪಾಲು ಗ್ರಾನೈಟಿನ ಪುಡಿ.

ಕಾರಣ ಸರಳವಾಗಿದೆ. ಈ ಜೀವಿಗಳಲ್ಲಿ ಆಕಾರದ ಮೇರೆಗೆ ಮುಖ್ಯವಾಗಿ ಮೂರು ಬಗೆಗಳುಂಟು. ಕಲ್ಲಿಗೋ ತೊಗಟೆಗೋ ಬಣ್ಣ ಬಳಿದಂತೆ ಅಂಟಿಕೊಂಡು, ಬಿಡಿಸಿದರೆ ಬಾರದೆ ಇರುವುದು ಹೊರಪೆಯ ಬಗೆ. ಎಲೆಯಂತೆ ಹರಡಿ, ಅಡಿಯಿಂದ ಬೇರಿನಂಥ ನೂಲುಗಳನ್ನು ಇಳಿಬಿಟ್ಟು, ಉಗುರಿನಿಂದ ಎಬ್ಬಿಸಿದರೆ ಏಳುವುದು ಎಲೆಯ ಬಗೆ. ಮೂರನೆಯದು ಪೊದೆಯಂತೆ ನಿಮಿರುವ ಅಥವಾ ಗಡ್ಡದಂತೆ ಜೋಲುವ ಬಗೆ. ಬೇಸಗೆಯಲ್ಲಿ ಕೈಯಿಟ್ಟರೆ ಸುಡುವ ಹಂಪಿ, ಕಂಪ್ಲಿಗಳ ಬಂಡೆಗಳ ಮೇಲೆ ಹೊರಪೆಯವಕ್ಕೇ ರಾಜ್ಯಭಾರ. ಎಲೆಯ ಬಗೆಯವು ಸೊಂಪಾಗಿ ಬೆಳೆಯಬೇಕಾದರೆ ಮಂಜು ಬೇಕು, ನೆರಳು ಬೇಕು, ಗಾಳಿಯಲ್ಲಿ ತೇವವಿರಬೇಕು. ಅಂಗಡಿಯ ಕಲ್ಲುಹೂವು ಈ ಎರಡನೆಯ ಬಗೆಗೆ ಸೇರಿದ್ದು.

ಇಷ್ಟಕ್ಕೂ ಕಲ್ಲುಹೂವು ಎಂಬುದು ಏನು? ವಿಜ್ಞಾನಿಗಳು ಲೈಕೆನ್ ಎಂದು ಕರೆಯುವ ಇದನ್ನು ಬಹುಕಾಲ ಸಸ್ಯವೆಂದೇ ತಿಳಿದಿದ್ದರು. 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಷ್ವೆಂಡೆನರ್ ಎಂಬ ವಿದ್ವಾಂಸ, ಇದು ಒಂದು ಜೀವಿಯಲ್ಲ, ಎರಡು ಎಂದು ಸಾರಿದ. ಒಂದು ಶಿಲೀಂಧ್ರ, ಅಂದರೆ ಅಣಬೆಯ ಜಾತಿ. ಇನ್ನೊಂದು ಅದರ ಎಳೆಗಳ ನಡುವೆ ಸೆರೆಯಾದ ಪಾಚಿ. ಪಾಚಿ ಬಿಸಿಲಿನಲ್ಲಿ ಸಕ್ಕರೆಯನ್ನು ತಯಾರಿಸುತ್ತದೆ. ಶಿಲೀಂಧ್ರ ಮನೆಯನ್ನು ಕಟ್ಟಿಕೊಟ್ಟು, ನೀರನ್ನು ಹಿಡಿದಿಟ್ಟು, ಆ ಸಕ್ಕರೆಯನ್ನು ಉಣ್ಣುತ್ತದೆ. ಶಿಲೀಂಧ್ರ ಒಡೆಯ, ಪಾಚಿ ತೊತ್ತು ಎಂಬ ಹೋಲಿಕೆಯನ್ನು ಷ್ವೆಂಡೆನರ್ ಕೊಟ್ಟಾಗ ಪಂಡಿತ ಮಂಡಲಿಯಲ್ಲಿ ದೊಡ್ಡ ಗದ್ದಲವೆದ್ದಿತು. ಇದನ್ನು ಎಲ್ಲರಿಗಿಂತ ಉಗ್ರವಾಗಿ ವಿರೋಧಿಸಿದವನು ಪ್ಯಾರಿಸಿನಲ್ಲಿ ನೆಲಸಿದ್ದ ಫಿನ್‌ಲೆಂಡಿನ ವಿಲಿಯಂ ನೈಲಾಂಡರ್. ಆ ಕಾಲದಲ್ಲಿ ಕಲ್ಲುಹೂಗಳನ್ನು ಅವನಷ್ಟು ಬಲ್ಲವರು ವಿರಳ. ಆದರೂ 1899ರಲ್ಲಿ ಸಾಯುವ ತನಕ ಆತ ಈ ಇಬ್ಬಂದಿ ಸಂಸಾರವನ್ನು ಒಪ್ಪಲಿಲ್ಲ. ವಿದ್ವತ್ತು ಹೆಚ್ಚಿದಷ್ಟೂ ಹಟವೂ ಹೆಚ್ಚುವುದುಂಟು. ಈ ಹಟಮಾರಿಯೇ ಕಂಡುಹಿಡಿದ ಒಂದು ಉಪಾಯ ಇಂದಿಗೂ ಎಲ್ಲ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ. ಮಸಾಲೆ ಡಬ್ಬಿಯ ಗುಟ್ಟನ್ನು ಒಡೆಯುವುದೂ ಅದೇ.

ಗುಟ್ಟು ಇಷ್ಟು: ಕಲ್ಲುಹೂವು ಎಂಬ ಒಂದೇ ಹೆಸರಿನ ಕೆಳಗೆ ಅಂಗಡಿಯಲ್ಲಿ ಹಲವು ಜಾತಿಗಳು ಬೆರೆತಿರುತ್ತವೆ. ಪುಸ್ತಕಗಳು ಸಾಮಾನ್ಯವಾಗಿ ಹೆಸರಿಸುವುದು ಪಾರ್ಮೊಟ್ರೀಮ ಪರ್ಲೇಟಮ್ ಎಂಬ ಒಂದನ್ನು. ಅದರ ಹತ್ತಿರದ ನಂಟನಾದ ಪಾರ್ಮೊಟ್ರೀಮ ಟಿಂಕ್ಟೋರಮ್ ಕೂಡ ಅದೇ ಮೂಟೆಯಲ್ಲಿ, ಅದೇ ಬೆಲೆಗೆ ಮಾರಾಟವಾಗುತ್ತದೆ. ಎರಡೂ ಪಶ್ಚಿಮ ಘಟ್ಟದ ಮರಗಳ ಮೇಲೆ ಬೆಳೆಯತಕ್ಕವು. ಎರಡೂ ಮೇಲೆ ಬೂದು, ಅಡಿಯಲ್ಲಿ ಕಪ್ಪು. ಲ್ಯಾಟಿನ್ ಹೆಸರುಗಳು ಬಾಯಿಗೆ ತೊಡಕಾದ್ದರಿಂದ ಮೊದಲನೆಯದನ್ನು ಪುಡಿಯಂಚಿನ ಹೂವೆಂದೂ ಎರಡನೆಯದನ್ನು ಬಣ್ಣಗಾರರ ಹೂವೆಂದೂ ಕರೆಯೋಣ. ಟಿಂಕ್ಟೋರಮ್ ಎಂದರೆ ಬಣ್ಣ ಹಾಕುವವರದು ಎಂದೇ ಅರ್ಥ.

ಇವೆರಡನ್ನೂ ಅಂಗೈಯ ಮೇಲೆ ಪಕ್ಕಪಕ್ಕದಲ್ಲಿಟ್ಟು ಒಂದು ಭೂತಗನ್ನಡಿಯಿಂದ ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಪುಡಿಯಂಚಿನ ಹೂವಿನ ಹಾಳೆಗಳ ತುದಿ ಸ್ವಲ್ಪ ಹಿಂದಕ್ಕೆ ಸುರುಳಿಗೊಂಡು, ಆ ಸುರುಳಿಯ ಅಂಚಿಗೆ ಹಿಟ್ಟು ಮೆತ್ತಿದಂತೆ ನುಣ್ಣನೆಯ ಪುಡಿಯಿರುತ್ತದೆ. ಅಲ್ಲಲ್ಲಿ ಒಂದೆರಡು ಕಪ್ಪು ಕೂದಲುಗಳು, ಎವೆಯಂತೆ, ಅಂಚಿನಿಂದ ಹೊರಚಾಚಿರುವುದೂ ಉಂಟು. ಬಣ್ಣಗಾರರ ಹೂವಿನಲ್ಲಿ ಈ ಪುಡಿಯೂ ಇಲ್ಲ, ಎವೆಯೂ ಇಲ್ಲ. ಅದರ ಹಾಳೆ ಇನ್ನೂ ಅಗಲ, ಅಂಚು ದುಂಡು. ಮೇಲ್ಮೈಯ ನಡುಭಾಗದಲ್ಲೆಲ್ಲ ಸಣ್ಣ ಸಣ್ಣ ಕಡ್ಡಿಗಳು, ಹೆಚ್ಚೇನು, ಬೆಕ್ಕಿನ ನಾಲಗೆಯಂತೆ ಎದ್ದಿರುತ್ತವೆ. ಬೆರಳಾಡಿಸಿದರೆ ಒರಟು ತಿಳಿಯುತ್ತದೆ. ಹೊಲದಲ್ಲಿ ಹಸಿಯಾಗಿ ಸಿಕ್ಕ ಹೂವಾದರೆ ಈ ಗುರುತೇ ಸಾಕು. ಅಂಗಡಿಯದು ಒಣಗಿ, ಮೂಟೆಯಲ್ಲಿ ತುಳಿಸಿಕೊಂಡು, ಪುಡಿಯೂ ಕಡ್ಡಿಯೂ ಉದುರಿಹೋಗಿರುವುದರಿಂದ ಕೆಲವೊಮ್ಮೆ ಕಣ್ಣು ಸೋಲುತ್ತದೆ.

ಈ ಪುಡಿಗೂ ಕಡ್ಡಿಗೂ ಒಂದೇ ಉದ್ಯೋಗ, ಸಂತಾನ. ಶಿಲೀಂಧ್ರದ ಬೀಜಕಣವೊಂದೇ ಗಾಳಿಯಲ್ಲಿ ಹೋದರೆ ಹೊಸ ತಾಣದಲ್ಲಿ ಅದಕ್ಕೆ ತಕ್ಕ ಪಾಚಿ ಸಿಕ್ಕೀತೆಂಬ ಭರವಸೆಯಿಲ್ಲ. ಆದ್ದರಿಂದ ಪಾಚಿಯ ಕೆಲವು ಕಣಗಳನ್ನು ಶಿಲೀಂಧ್ರದ ಎಳೆಗಳಲ್ಲಿ ಸುತ್ತಿ, ಬುತ್ತಿ ಕಟ್ಟಿದಂತೆ ಕಟ್ಟಿ ಕಳುಹಿಸುವ ಏರ್ಪಾಡು ಇದು. ಪುಡಿಯಂಚಿನ ಹೂವು ಬುತ್ತಿಯನ್ನು ಪುಡಿಯಾಗಿ ತೂರುತ್ತದೆ. ಬಣ್ಣಗಾರರ ಹೂವು ತನ್ನ ತೊಗಲಿನಿಂದಲೇ ಮುಚ್ಚಿದ ಕಡ್ಡಿಯನ್ನು ಮುರಿದು ಬೀಳಿಸುತ್ತದೆ.

ಕಣ್ಣು ಸೋತಲ್ಲಿ ನೈಲಾಂಡರನ ಉಪಾಯ. 1866ರಲ್ಲಿ ಆತ ಕಂಡುಕೊಂಡದ್ದೇನೆಂದರೆ, ಬಟ್ಟೆ ಬಿಳಿಚಿಸುವ ಬ್ಲೀಚಿಂಗ್ ಪೌಡರಿನ ನೀರನ್ನು ತಗುಲಿಸಿದರೆ ಕೆಲವು ಜಾತಿಯ ಕಲ್ಲುಹೂಗಳು ಥಟ್ಟನೆ ಕೆಂಪಾಗುತ್ತವೆ, ಕೆಲವು ಏನೂ ಆಗುವುದಿಲ್ಲ. ಬಾವಿಗೆ ಹಾಕುವ ಪುಡಿಯೇ ಸಾಕು. ಆದರೆ ಹೊಸದಾಗಿರಬೇಕು, ಹಳೆಯ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಚಿಟಿಕೆ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ ತಿಳಿಯಾಗಲು ಬಿಡಬೇಕು. ಹೂವಿನ ಮೇಲಿನ ಬೂದು ಸಿಪ್ಪೆಯನ್ನು ಬ್ಲೇಡಿನ ಮೊನೆಯಿಂದ ಹೆರೆದು ಒಳಗಿನ ಹತ್ತಿಯಂಥ ಬಿಳಿ ತಿರುಳನ್ನು ಹೊರಗೆಡಹಿ, ಆ ತಿಳಿನೀರಿನ ಒಂದು ಹನಿಯನ್ನು ಕಡ್ಡಿಯಿಂದ ಮುಟ್ಟಿಸಬೇಕು. ಬಣ್ಣಗಾರರ ಹೂವಾದರೆ ತಿರುಳು ಕುಂಕುಮದಂತೆ ಕೆಂಪೇರಿ, ನೋಡನೋಡುತ್ತಿದ್ದಂತೆ ಮಾಸುತ್ತದೆ. ಪುಡಿಯಂಚಿನ ಹೂವು ಬೆಳ್ಳಗೇ ಉಳಿಯುತ್ತದೆ. ಕಾಸ್ಟಿಕ್ ಪೊಟ್ಯಾಷಿನ ದ್ರವವನ್ನು ಮುಟ್ಟಿಸಿದರೆ ಇದು ಉಲ್ಟಾ. ಪುಡಿಯಂಚಿನದರ ತಿರುಳು ಹಳದಿಯಾಗಿ ಕಿತ್ತಳೆಗೆ ತಿರುಗುತ್ತದೆ, ಬಣ್ಣಗಾರರದು ಸುಮ್ಮನಿರುತ್ತದೆ. ಆದರೆ ಪೊಟ್ಯಾಷ್ ಚರ್ಮವನ್ನು ಸುಡುವ ವಸ್ತು, ಅದು ಕಾಲೇಜಿನ ಪ್ರಯೋಗಶಾಲೆಗೆ ಮೀಸಲು. ಪರೀಕ್ಷಿಸಿದ ಚೂರನ್ನು ಮರಳಿ ಮಸಾಲೆ ಡಬ್ಬಿಗೆ ಹಾಕಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಕೆಂಪೇರಿಸುವ ಇನ್ನಿತರ ಜಾತಿಗಳೂ ಲೋಕದಲ್ಲಿರುವುದರಿಂದ ಕೆಂಪೊಂದನ್ನೇ ನಂಬದೆ ಕಡ್ಡಿಗಳ ಗುರುತನ್ನೂ ಜೊತೆಗಿಟ್ಟು ನೋಡುವುದು ಜಾಣತನ.

ಈ ಕೆಂಪಿಗೆ ಕಾರಣ ಲೆಕನೋರಿಕ್ ಆಮ್ಲ. ಬಣ್ಣಗಾರರ ಹೂವಿನ ತಿರುಳಿನಲ್ಲಿ ಅದು ಧಾರಾಳವಾಗಿದೆ. ಇನ್ನೊಂದರಲ್ಲಿ ಅದರ ಜಾಗದಲ್ಲಿ ಸ್ಟಿಕ್ಟಿಕ್ ಆಮ್ಲವಿದೆ. ಲೆಕನೋರಿಕ್ ಆಮ್ಲವಿರುವ ಕಲ್ಲುಹೂವನ್ನು ಅಮೋನಿಯದ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ ಗಾಳಿಯಾಡಿಸಿದರೆ ನೇರಿಳೆಯ ಬಣ್ಣ ಬಿಡುತ್ತದೆ. ಅಮೋನಿಯ ಅಂಗಡಿಯಲ್ಲಿ ಸಿಕ್ಕದ ಕಾಲದಲ್ಲಿ ಯೂರೋಪಿನ ಬಣ್ಣಗಾರರು ಅದಕ್ಕಾಗಿ ಬಳಸುತ್ತಿದ್ದುದು ಹಳಸಿದ ಮೂತ್ರವನ್ನು! ಇಟಲಿಯ ಫ್ಲಾರೆನ್ಸಿನಲ್ಲಿ ಒಂದು ಮನೆತನ ಇಂಥ ಬಣ್ಣದ ವ್ಯಾಪಾರದಿಂದಲೇ ಶ್ರೀಮಂತವಾಗಿ, ಬಣ್ಣದ ಹೆಸರಿನಿಂದಲೇ ರುಚೆಲ್ಲಾಯ್ ಎಂದು ಕರೆಸಿಕೊಂಡಿತು. ಶಾಲೆಯ ಮಕ್ಕಳು ಹುಳಿಯನ್ನೂ ಕ್ಷಾರವನ್ನೂ ಗುರುತಿಸಲು ಬಳಸುವ ಲಿಟ್ಮಸ್ ಕಾಗದವೂ ಮೂಲತಃ ಕಲ್ಲುಹೂವಿನದೇ ಮಗಳು. ಹೀಗೆ ಬಿರಿಯಾನಿಯ ಪಾತ್ರೆಯೊಳಗೆ ಬಿದ್ದಿರುವುದು ರೇಷ್ಮೆಗೆ ನೇರಿಳೆ ಕೊಡಬಲ್ಲ ಹೂವಾಗಿರಲಿಕ್ಕೂ ಸಾಕು.

ಹಾಗಾದರೆ ತಪ್ಪು ಹೂವನ್ನು ತಿಂದರೆ ಅಪಾಯವಿಲ್ಲವೆ? ಈ ಎರಡರ ಮಟ್ಟಿಗೆ ಅಂಜಬೇಕಾಗಿಲ್ಲ. ಎರಡೂ ತಲೆಮಾರುಗಳಿಂದ ಚಿಟಿಕೆಯ ಪ್ರಮಾಣದಲ್ಲಿ ಅಡಿಗೆಗೆ ಬೀಳುತ್ತ ಬಂದಿವೆ. ಆದರೆ ಪ್ರಶ್ನೆ ಹುಡುಗಾಟದ್ದಲ್ಲ. ಉತ್ತರ ಯೂರೋಪಿನಲ್ಲಿ ತೋಳಗಳನ್ನು ಕೊಲ್ಲಲು ಮಾಂಸದೊಳಗೆ ತುಂಬಿಡುತ್ತಿದ್ದ ಹಳದಿ ಕಲ್ಲುಹೂವೊಂದಿದೆ. ಅದರಲ್ಲಿರುವ ವಿಷ ವಲ್ಪಿನಿಕ್ ಆಮ್ಲ. ಅಮೆರಿಕದ ವಾಯವ್ಯ ಭಾಗದ ಕಾಡುಗಳಲ್ಲಿಯಂತೂ ಗಡ್ಡದಂತೆ ಜೋಲುವ ಎರಡು ಜಾತಿಗಳು ಒಂದರ ಪಕ್ಕದಲ್ಲಿ ಒಂದು ಬೆಳೆಯುತ್ತವೆ. ಕಂದುಬಣ್ಣದ ಬ್ರಯೋರಿಯ ಫ್ರೆಮೋಂಟಿಯನ್ನು ಅಲ್ಲಿನ ಮೂಲನಿವಾಸಿಗಳು ತೊಳೆದು, ನೆಲದೊಳಗಿನ ಒಲೆಯಲ್ಲಿ ಬೇಯಿಸಿ ಆಹಾರವಾಗಿ ಉಣ್ಣುತ್ತಿದ್ದರು. ಹಳದಿ ಛಾಯೆಯ ಬ್ರಯೋರಿಯ ಟಾರ್ಟುಯೋಸ ಆ ವಲ್ಪಿನಿಕ್ ಆಮ್ಲದಿಂದ ತುಂಬಿದ ವಿಷ. ಒಂದು ಅನ್ನ, ಇನ್ನೊಂದು ಮೃತ್ಯು. ಎರಡರಲ್ಲಿಯೂ ಇರುವ ಶಿಲೀಂಧ್ರವನ್ನೂ ಪಾಚಿಯನ್ನೂ ವಂಶವಾಹಿಗಳ ಮಟ್ಟದಲ್ಲಿ ಹೋಲಿಸಿ ನೋಡಿದಾಗ ವಿಜ್ಞಾನಿಗಳು ಬೆರಗಾದರು. ವ್ಯತ್ಯಾಸವೇ ಇಲ್ಲ! ಅದೇ ಒಡೆಯ, ಅದೇ ತೊತ್ತು; ಆದರೂ ಒಂದು ಮನೆಯಲ್ಲಿ ಅನ್ನ ಬೇಯುತ್ತದೆ, ಇನ್ನೊಂದರಲ್ಲಿ ವಿಷ.

ಮಾಂಟಾನಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಉತ್ತರವನ್ನು ಮುಂದಿಟ್ಟರು. ಮನೆಯಲ್ಲಿ ಇಬ್ಬರಲ್ಲ, ಮೂವರಿದ್ದರು. ಹೊರತೊಗಲಿನೊಳಗೆ ಇನ್ನೊಂದು ಬಗೆಯ ಶಿಲೀಂಧ್ರ, ಒಂದು ಯೀಸ್ಟ್, ಅಡಗಿ ಕುಳಿತಿತ್ತು. ವಿಷದ ಹೂವಿನಲ್ಲಿ ಅದು ಅಧಿಕ, ತಿನ್ನುವ ಹೂವಿನಲ್ಲಿ ವಿರಳ. ನೂರೈವತ್ತು ವರ್ಷ ಸೂಕ್ಷ್ಮದರ್ಶಕದ ಕೆಳಗಿದ್ದ ಜೀವಿಯಲ್ಲಿ ಮೂರನೆಯವನೊಬ್ಬ ಯಾರ ಕಣ್ಣಿಗೂ ಬೀಳದೆ ಬಾಳಿದ್ದನೆಂದರೆ ನೈಲಾಂಡರನ ಆತ್ಮ ನಕ್ಕಿರಬೇಕು. ಇಬ್ಬರೆಂದು ಸಾಧಿಸಿದವರ ಲೆಕ್ಕವೂ ಪೂರ್ತಿ ಸರಿಯಾಗಿರಲಿಲ್ಲವಲ್ಲ! ಎಲ್ಲ ಕಲ್ಲುಹೂಗಳಲ್ಲಿಯೂ ಈ ಮೂರನೆಯವನು ಇರುವನೆಂದು ಕೆಲವರು ಅವಸರದಿಂದ ನಂಬಿದ್ದುಂಟು. ಆದರೆ 2019ರ ಹೊತ್ತಿಗೆ ನೂರಾರು ಮಾದರಿಗಳನ್ನು ಶೋಧಿಸಿದಾಗ ಅದು ಕೆಲವಲ್ಲಿ ಮಾತ್ರ ಕಂಡಿತು.

ಹೊಸಪೇಟೆಯ ಅಡಿಗೆಯ ಮನೆಗೆ ಇದಕ್ಕಿಂತ ಹತ್ತಿರದ ಚಿಂತೆ ಬೇರೊಂದಿದೆ. ಕಲ್ಲುಹೂವಿಗೆ ಬೇರಿಲ್ಲ. ಅಡಿಯ ನೂಲುಗಳು ಹಿಡಿದುಕೊಳ್ಳುವುದಕ್ಕೆ ಮಾತ್ರ. ನೀರನ್ನೂ ಲವಣಗಳನ್ನೂ ಅದು ಮಳೆ, ಮಂಜು, ಧೂಳುಗಳಿಂದ ತನ್ನ ಇಡೀ ಮೈಯಿಂದ ಹೀರುತ್ತದೆ. ಹೀರಿದ್ದನ್ನು ಹೊರಹಾಕುವ ಉಪಾಯ ಅದಕ್ಕೆ ಗೊತ್ತಿಲ್ಲ. ಹೀಗಾಗಿ ಗಾಳಿಯಲ್ಲಿ ಸೀಸವಿದ್ದರೆ ಸೀಸ, ಕಬ್ಬಿಣದ ಧೂಳಿದ್ದರೆ ಕಬ್ಬಿಣ ಅದರ ಮೈಯಲ್ಲಿ ಸೇರುತ್ತ ಹೋಗುತ್ತವೆ. ಗಂಧಕದ ಹೊಗೆಗಂತೂ ಅನೇಕ ಜಾತಿಗಳು ಸತ್ತೇ ಹೋಗುತ್ತವೆ. ಪ್ಯಾರಿಸಿನ ಲಕ್ಸೆಂಬರ್ಗ್ ಉದ್ಯಾನದಲ್ಲಿ ಕಲ್ಲುಹೂಗಳನ್ನು ನೋಡಿ, ಇವು ಊರಿನ ಗಾಳಿಯ ಆರೋಗ್ಯವನ್ನು ಅಳೆಯಬಲ್ಲವೆಂದು 1866ರಲ್ಲಿಯೇ ಹೇಳಿದವನು ಮತ್ತೆ ಆ ನೈಲಾಂಡರನೇ. ಬೆಂಗಳೂರಿನ ಲಾಲ್‌ಬಾಗಿನ ಮತ್ತು ನಗರದ ಇತರ ಮರಗಳ ಕಲ್ಲುಹೂಗಳಲ್ಲಿ ಭಾರಲೋಹಗಳನ್ನು ಅಳೆದು ನೋಡಿದ ಲಖನೌದ ವಿಜ್ಞಾನಿಗಳ ಅಧ್ಯಯನವೂ ಉಂಟು. ಆದ್ದರಿಂದ ಮೂಟೆಯ ಹೂವು ಪುಡಿಯಂಚಿನದೋ ಬಣ್ಣಗಾರರದೋ ಎನ್ನುವುದಕ್ಕಿಂತ, ಅದು ಯಾವ ಮರದಿಂದ ಬಂತು, ಒಳಕಾಡಿನದೋ ಹೆದ್ದಾರಿಯ ಬದಿಯದೋ ಎಂಬುದು ಉಣ್ಣುವವರಿಗೆ ಮುಖ್ಯ. ಅಂಗಡಿಯವನಿಗೆ ಇದು ತಿಳಿದಿರುವುದಿಲ್ಲ. ಸಂಡೂರಿನ ಅದಿರಿನ ಲಾರಿಗಳು ಓಡಾಡುವ ದಾರಿಯ ಪಕ್ಕದಲ್ಲಿ ಗಿಡಮರಗಳ ಎಲೆಯೇ ಕೆಂಪಗಿರುವುದನ್ನು ಕಂಡವರಿಗೆ, ಎಲೆಯಂತೆ ವರ್ಷಕ್ಕೊಮ್ಮೆ ಉದುರಿ ಹೊಸದಾಗದ ಕಲ್ಲುಹೂವಿನ ಗತಿಯೇನೆಂದು ವಿವರಿಸಬೇಕಾಗಿಲ್ಲ.

ಇನ್ನು ಕೊಯ್ಲಿನ ಮಾತು. ಎಲೆಯ ಬಗೆಯ ಕಲ್ಲುಹೂವು ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಮಿಲಿಮೀಟರು ಹರಡುತ್ತದೆ. ಅಂಗೈಯಗಲದ ಹೂವಿಗೆ ಹತ್ತಾರು ವರ್ಷದ ವಯಸ್ಸಾಗಿರಬಹುದು. ಅದನ್ನು ಬಿತ್ತಿ ಬೆಳೆಯುವ ರೈತನಿಲ್ಲ, ಬಂದುದೆಲ್ಲ ಕಾಡಿನದು. ಕೀಳುವವರು ಬಡವರು, ತೂಕಕ್ಕೆ ಹಣ ಪಡೆಯುವವರು, ತೊಗಟೆಯನ್ನು ಪೂರ್ತಿಯಾಗಿ ಹೆರೆದುಬಿಡುತ್ತಾರೆ. ಅರ್ಧವನ್ನು ಮರದಲ್ಲೇ ಬಿಟ್ಟರೆ ಉಳಿದುದರಿಂದ ಪುಡಿಯೋ ಕಡ್ಡಿಯೋ ಉದುರಿ ಮತ್ತೆ ಹಬ್ಬೀತು. ಬಿದ್ದ ಕೊಂಬೆಗಳಿಂದ ಆಯ್ದರೆ ಇನ್ನೂ ಲೇಸು. ಸಾರಿಗೆ ಪರಿಮಳ ಬರಲು ಒಂದು ಚೂರು ಸಾಕಾಗಿರುವಾಗ ಹಿಡಿಹಿಡಿಯಾಗಿ ಹಾಕುವುದು ರುಚಿಯ ದೃಷ್ಟಿಯಿಂದಲೂ ಒಳ್ಳೆಯದಲ್ಲ, ಕಹಿ ಬರುತ್ತದೆ.

ಹಂಪಿಯ ಹೊರಪೆಯ ಹೂಗಳು ಇನ್ನೂ ನಿಧಾನಿಗಳು. ಅವುಗಳ ಎಳೆಗಳು ಕಲ್ಲಿನ ಹರಳುಗಳ ಸಂದಿಗೆ ಇಳಿದು, ಆಮ್ಲವನ್ನು ಸ್ರವಿಸಿ, ಮೇಲ್ಪದರವನ್ನು ಸಡಿಲಿಸುತ್ತವೆ. ಕೋಟ್ಯಂತರ ವರ್ಷಗಳ ಗ್ರಾನೈಟಿಗೆ ಇದೇನೂ ಲೆಕ್ಕಕ್ಕಿಲ್ಲ. ಆದರೆ ವಿಜಯನಗರದ ಶಿಲ್ಪಿ ಕೂದಲೆಳೆಯಷ್ಟು ನಯವಾಗಿ ಬಿಡಿಸಿದ ಬಳ್ಳಿಗೆ, ಹೆಣ್ಣಿನ ಮುಖಕ್ಕೆ ಅದೇ ಬಲು ದೊಡ್ಡದು. ಆದ್ದರಿಂದ ಸ್ಮಾರಕಗಳನ್ನು ದುರ್ಬಲ ಅಮೋನಿಯದ ನೀರಿನಿಂದ ತೊಳೆದು, ಮೆದುವಾದ ಕುಂಚದಿಂದ ಉಜ್ಜಿ ಶುಚಿಗೊಳಿಸುವ ಪದ್ಧತಿ ಪುರಾತತ್ತ್ವ ಇಲಾಖೆಯಲ್ಲಿದೆ. ಇದಕ್ಕೆ ಪ್ರತಿವಾದವೂ ಇಲ್ಲದಿಲ್ಲ. ಹೊರಪೆಯ ಹೂವು ಕೆಲವೆಡೆ ಕಲ್ಲಿಗೆ ಹೊದಿಕೆಯಂತಿದ್ದು ಬಿಸಿಲು ಮಳೆಗಳ ಪೆಟ್ಟನ್ನು ತಡೆಯುತ್ತದೆಂದೂ, ಬಲವಂತವಾಗಿ ಕಿತ್ತರೆ ಅದರೊಡನೆ ಕಲ್ಲಿನ ಕಣಗಳೂ ಏಳುತ್ತವೆಂದೂ ಹೇಳುವ ತಜ್ಞರಿದ್ದಾರೆ. ಕೆತ್ತನೆಯಿದ್ದಲ್ಲಿ ಶುಚಿಗೊಳಿಸಿ, ಬೋಳು ಗೋಡೆಯಲ್ಲಿಯೂ ಬಂಡೆಯಲ್ಲಿಯೂ ಅವುಗಳ ಪಾಡಿಗೆ ಬಿಡುವುದು ಯುಕ್ತವೆಂದು ತೋರುತ್ತದೆ. ಯಾತ್ರಿಕರು ಮೊಳೆಯಿಂದ ತಮ್ಮ ಹೆಸರನ್ನು ಕೆರೆಯಲು ಆರಿಸಿಕೊಳ್ಳುವುದು ಹೆಚ್ಚಾಗಿ ಇಂಥ ಹೂವಿನ ಮೈಯನ್ನೇ, ಅಲ್ಲಿ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆಂದು. ಆ ಗಾಯ ಮುಚ್ಚಿಕೊಳ್ಳುವುದನ್ನು ಕೆರೆದವರು ತಮ್ಮ ಜೀವಮಾನದಲ್ಲಿ ಕಾಣಲಾರರು.

ಬಿಡಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 1950ರಲ್ಲಿ ಆಸ್ಟ್ರಿಯದ ರೋಲಂಡ್ ಬೆಷೆಲ್ ಎಂಬಾತ ಆಲ್ಪ್ಸ್ ಪರ್ವತದ ತಪ್ಪಲಲ್ಲಿ, ಇಸವಿ ಬರೆದ ಗೋರಿಕಲ್ಲುಗಳ ಮೇಲಿನ ಹೂವಿನ ಅಗಲವನ್ನು ಅಳೆದು, ಇಷ್ಟು ವರ್ಷಕ್ಕೆ ಇಷ್ಟು ಅಗಲವೆಂದು ಲೆಕ್ಕ ಕಟ್ಟಿದ. ಆ ಲೆಕ್ಕದಿಂದ ಇಸವಿಯಿಲ್ಲದ ಕಲ್ಲುರಾಶಿಗಳನ್ನು ಹಿಮನದಿ ಎಂದು ಬಿಟ್ಟುಹೋಯಿತೆಂಬುದನ್ನು ಗುಣಿಸಿ ಹೇಳಿದ. ಇಂಥ ಪಂಚಾಂಗ ಒಂದೊಂದು ಸೀಮೆಗೂ ಒಂದೊಂದು ಜಾತಿಗೂ ಬೇರೆಯಾಗಿರಬೇಕಾಗುತ್ತದೆ. ಬೂದು ಹೂವಿನ ವೇಗ ಹಳದಿಗಿಲ್ಲ. ಇಲ್ಲಿಯೂ ಜಾತಿಗಳನ್ನು ಬೇರ್ಪಡಿಸಿ ಗುರುತಿಸದೆ ಗತಿಯಿಲ್ಲ. ಅದನ್ನು ಬರೆಯಲು ಬೇಕಾದ ತಾರೀಖಿನ ಕಲ್ಲುಗಳು ತುಂಗಭದ್ರೆಯ ದಂಡೆಯಲ್ಲಿ ಧಾರಾಳವಾಗಿವೆ. ಹಂಪಿಯ ಕೃಷ್ಣ ದೇವಾಲಯದ ಶಾಸನ 1515ರದು. ಟಿ.ಬಿ. ಡ್ಯಾಂನ ಶಂಕುಸ್ಥಾಪನೆಯಾದದ್ದು 1945ರ ಫೆಬ್ರುವರಿ 28ರಂದು. ಕಲ್ಲು ಕಟ್ಟಡ ಮುಗಿದು ನೀರು ನಿಂತದ್ದು 1953ರಲ್ಲಿ. ಅದಕ್ಕಾಗಿ ಸುತ್ತಮುತ್ತಲ ಬಂಡೆಗಳನ್ನು ಸೀಳಿದಲ್ಲೆಲ್ಲ ಕಲ್ಲಿನ ಹೊಸ ಮೈ ಬಿಸಿಲಿಗೆ ತೆರೆದುಕೊಂಡಿತು. ಬೆಣೆ ಬಡಿದ ಗುಳಿಗಳ ಸಾಲಿರುವ ಒಂದು ಬಂಡೆ ಸಿಕ್ಕಿದರೆ, ಅದು ವಿಜಯನಗರದ ಕಲ್ಲುಕುಟಿಗರ ಗುಳಿಯೋ ಅಣೆಕಟ್ಟಿನ ಕಂತ್ರಾಟುದಾರರ ಗುಳಿಯೋ ಎಂದು ತೀರ್ಮಾನಿಸಬೇಕಾದವರು ಮೊದಲು ನೋಡಬೇಕಾದದ್ದು ಗುಳಿಯನ್ನಲ್ಲ. ಸೀಳಿದ ಮೈಯ ಮೇಲೆ ಹರಡಿದ ಅತ್ಯಂತ ದೊಡ್ಡ ಬೂದು ಹೂವಿಗೆ ಅಂಗೈ ಇಟ್ಟು ಅದರ ಅಗಲವನ್ನು.